ಮಾವನ ವಾಲ್ವುಗಳನ್ನು ಹರಾಜಿಗಿಟ್ಟ ವರ್ಷ

ಸೊರಬದಿಂದ ಬರುವ ಮೊದಲ ಬಸ್ಸಿನ ಕಂಡಕ್ಟರು ಸೋಪಿನ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಇಳಿಸಿ, "ನಿಮ್ಮ ಮಾವ ಕೊಟ್ಟಾರ್ರೀ. ಒಳಗ ಗಾಜು ಐತಂತ, ಅಲುಗಾಡಬಾರ್ದಂತ. ನನ್ನ ಸೀಟಿನ ಮ್ಯಾಲೆ ಇದನ್ನ ಕುಂದ್ರಿಸಿ ನಾನು ನಿಂತ್ಕಂಡು ಬಂದೀನಿ," ಎಂದರು. ಅವರಿಗೆ ಟೀ ತರಿಸಿಕೊಟ್ಟು ಪೆಟ್ಟಿಗೆ ಬಿಚ್ಚಿದೆ. ಮೇಲೆ ಹಳೆಯ ಸೀರೆಯ ಮಡಿಕೆ, ಅದರ ಕೆಳಗೆ ಚಿಕ್ಕ ಚಿಕ್ಕ ರಟ್ಟಿನ ಡಬ್ಬಿಗಳ ಸಾಲು. ಒಂದೊಂದು ಡಬ್ಬಿಯಲ್ಲೂ ಹೆಬ್ಬೆರಳು ಗಾತ್ರದ ಗಾಜಿನ ವಾಲ್ವು. ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೋಗಳಲ್ಲಿ, ಸಭೆ ಸಮಾರಂಭಗಳ ಆಂಪ್ಲಿಫೈಯರುಗಳಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅವು.

ಅದು ತೊಂಬತ್ತರ ದಶಕದ ಕೊನೆ. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ಟೈಪಿಂಗ್, ಜೆರಾಕ್ಸ್, ಎಸ್‌ಟಿಡಿ ಅಂಗಡಿ. ಅದೇ ವರ್ಷ ಒಂದು ಕಂಪ್ಯೂಟರಿಗೆ ಮೋಡೆಮ್ ಹಾಕಿಸಿದ್ದೆ. ಶಿವಮೊಗ್ಗಕ್ಕೆ ಫೋನು ಹಚ್ಚಿ, ಅದು ಕಿರುಚಿ ಗೊರಗೊರ ಎಂದು ಸುಮ್ಮನಾದರೆ ಇಂಟರ್ನೆಟ್ ಸಿಕ್ಕಿತೆಂದು ಅರ್ಥ. ಗಿರಾಕಿಗಳ ಇ-ಮೇಲ್ ಕಳಿಸುವಾಗ ಒಮ್ಮೆ ಅಮೆರಿಕದ ಹರಾಜು ತಾಣವೊಂದನ್ನು ತೆರೆದಿದ್ದೆ. ಗೊಂಬೆ, ನಾಣ್ಯ, ಹರಿದ ಪುಸ್ತಕ, ಎಲ್ಲಕ್ಕೂ ಸವಾಲು ಕೂಗುವವರಿದ್ದರು. ಅಲ್ಲಿ ರೇಡಿಯೋ ವಾಲ್ವು ಕಂಡದ್ದೇ ಮಾವನ ನೆನಪಾಗಿ ಫೋನು ಮಾಡಿದ್ದೆ.

ಮಾವ ಎಂದರೆ ರಕ್ತಸಂಬಂಧವಲ್ಲ. ನನ್ನ ಅಮ್ಮನ ತವರು ಸೊರಬ. ಆ ಮನೆಯ ಪಕ್ಕದಲ್ಲಿದ್ದ ರೇಡಿಯೋ ರಿಪೇರಿಯವರನ್ನು ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆದೇ ಬೆಳೆದವಳು ನಾನು. ಅವರ ಅಂಗಡಿಯಿದ್ದ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ಮಾಲೀಕರು ತೀರ್ಮಾನಿಸಿದ್ದರು. ಯುಗಾದಿಯೊಳಗೆ ಖಾಲಿ ಮಾಡಬೇಕು. ಮಾವನ ಹತ್ತಿರ ಇನ್ನೂರಕ್ಕೂ ಹೆಚ್ಚು ವಾಲ್ವುಗಳು ಉಳಿದಿದ್ದವು, ಬಹುಪಾಲು ಒಮ್ಮೆಯೂ ಉರಿಯದವು. ಆನವಟ್ಟಿಯ ಗುಜರಿಯವರು ಬಂದು ನೋಡಿ, ಗಾಜು ಒಡೆದು ಒಳಗಿನ ಲೋಹವನ್ನಷ್ಟೇ ತೂಕಕ್ಕೆ ಹಾಕಿಕೊಡಿ ಎಂದಿದ್ದರಂತೆ.

"ಒಡೀಬೇಕಂತೆ ಮಾರಾಯ್ತಿ," ಎಂದು ಮಾವ ಫೋನಿನಲ್ಲಿ ಹೇಳಿದ ದನಿ ನನಗಿನ್ನೂ ನೆನಪಿದೆ. "ಬಾಯಿಗೆ ಬಂದಂಗೆ ಬೈದು ಕಳಿಸ್ದೆ. ಎಲ್ಲೋ ಒಂದ್ಕಡೆ ಉರೀಲಿ ಅವು. ಯಾರ ಮನೇಲಾದ್ರೂ ಆಗ್ಲಿ."

ಶಿವಮೊಗ್ಗದಲ್ಲಿ ಬ್ಯಾಂಕಿನಲ್ಲಿದ್ದ ಅಣ್ಣನ ಕ್ರೆಡಿಟ್ ಕಾರ್ಡಿನ ಸಹಾಯದಿಂದ ಮಾರಾಟಗಾರಳೆಂದು ನೋಂದಾಯಿಸಿಕೊಂಡೆ. ಮೊದಲ ವಿವರಣೆಯನ್ನು ಒಂದು ಇಡೀ ಮಧ್ಯಾಹ್ನ ಕೂತು ಇಂಗ್ಲಿಷಿನಲ್ಲಿ ಬರೆದೆ. "ಭಾರತದ ಹಳೆಯ, ಅಪರೂಪದ, ಸುಂದರ ವಾಲ್ವುಗಳು" ಎಂಬರ್ಥದ ಶೀರ್ಷಿಕೆ. ಫೋಟೋ ಸ್ಟುಡಿಯೋದವರು ಫ್ಲಾಷ್ ಹಾಕಿ ತೆಗೆದ ಚಿತ್ರ. ರೀಲು ಮುಗಿಸಿ, ತೊಳೆಸಿ, ಪ್ರಿಂಟನ್ನು ಶಿವಮೊಗ್ಗಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿ, ಫ್ಲಾಪಿಯಲ್ಲಿ ತಂದು, ಗಾತ್ರ ಕುಗ್ಗಿಸಿ ಏರಿಸುವಷ್ಟರಲ್ಲಿ ಹತ್ತು ದಿನ ಹೋಯಿತು. ಚಿತ್ರದಲ್ಲಿ ಗಾಜಿನ ಮೇಲೆ ಬಿದ್ದ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಂದು ವಾರ ಹರಾಜು ನಡೆಯಿತು. ಒಬ್ಬರೂ ಕೂಗಲಿಲ್ಲ.

ಆಮೇಲೆ ಬೇರೆಯವರ ಪುಟಗಳನ್ನು ಕೂತು ಓದಿದೆ. ಕೊಳ್ಳುವವರು "ಸುಂದರ" ಎಂಬ ಪದ ಹಾಕಿ ಹುಡುಕುವುದಿಲ್ಲ, ವಾಲ್ವಿನ ನಂಬರು ಹಾಕಿ ಹುಡುಕುತ್ತಾರೆ. ನಾನು ಶೀರ್ಷಿಕೆಯಲ್ಲಿ ನಂಬರನ್ನೇ ಬರೆದಿರಲಿಲ್ಲ. ಮಾವನನ್ನು ಕೇಳಿದರೆ ಅವರು ನಕ್ಕರು. "ಹೆಸ್ರೇ ಹೇಳ್ದೆ ಹೆಣ್ಣು ತೋರ್ಸಿದ್ರೆ ಯಾರು ಬರ್ತಾರೆ? ಇಸಿಸಿ ಎಂಬತ್ಮೂರು ಅಂತ ಬರಿ. ಅದು ಸಣ್ಣ ದನೀನ ದೊಡ್ಡದು ಮಾಡೋ ವಾಲ್ವು. ಅದಕ್ಕೆ ಈಗ್ಲೂ ಗಿರಾಕಿ ಇರ್ತಾರೆ."

ಎರಡನೆಯ ಸಲ ನಂಬರನ್ನು ಮೊದಲು ಬರೆದೆ, ಎಷ್ಟು ಇವೆ ಎಂಬುದನ್ನು ಆಮೇಲೆ. ಫ್ಲಾಷ್ ಬೇಡವೆಂದು ಹೇಳಿ, ಅಂಗಡಿಯ ಕಿಟಕಿಯ ಹತ್ತಿರ ಬಿಳಿ ಪಂಚೆ ಹಾಸಿ, ವಾಲ್ವಿನ ಪಕ್ಕ ಶಾಲೆಯ ಅಡಿಪಟ್ಟಿ ಇಟ್ಟು ಫೋಟೋ ತೆಗೆಸಿದೆ. ಗಾಜಿನ ತಲೆಯೊಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಲೇಪವಿರುತ್ತದೆ. ಒಳಗೆ ಗಾಳಿ ಹೊಕ್ಕಿದ್ದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಬಲ್ಲವರು ಮೊದಲು ನೋಡುವುದು ಅದನ್ನೇ, ಚಿತ್ರದಲ್ಲಿ ಅದು ಕಾಣಲಿ ಎಂದು ಮಾವ ಹೇಳಿದ್ದರು. ಕೊನೆಯಲ್ಲಿ "ಎಲ್ಲವನ್ನೂ ಪರೀಕ್ಷಿಸಲಾಗಿದೆ, ಸದ್ದಿಲ್ಲದೆ ಕೆಲಸ ಮಾಡುತ್ತವೆ" ಎಂದು ಸೇರಿಸಿದೆ. ಅದು ಸುಳ್ಳಾಗಿರಲಿಲ್ಲ. ಮಾವ ಪ್ರತಿಯೊಂದನ್ನೂ ತಮ್ಮ ಆಂಪ್ಲಿಫೈಯರಿಗೆ ಹಾಕಿ ನೋಡಿಯೇ ಕಳಿಸಿದ್ದರು.

ಈ ಸಲ ಐದು ಜನ ಕೂಗಿದರು. ಆರು ವಾಲ್ವುಗಳ ಕಟ್ಟು ಕೆನಡಾದಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವರೊಬ್ಬರ ಪಾಲಾಯಿತು. ನಾನು ಬಸ್ಸು ಹತ್ತಿ ಸೊರಬಕ್ಕೇ ಹೋಗಿ ಸುದ್ದಿ ಹೇಳಿದೆ. ಅತ್ತೆ ಕಬ್ಬಿನ ಹಾಲಿನ ಸಿಹಿತಿಂಡಿ ತೊಡದೇವು ಕೊಟ್ಟರು. ಮಾವ ಗೋಡೆಯ ಮೇಲಿದ್ದ ಶಾಲೆಯ ಭೂಪಟದಲ್ಲಿ ಕೆನಡಾ ಹುಡುಕಿ, "ಅಲ್ಲಿ ಚಳಿ ಜಾಸ್ತಿ. ವಾಲ್ವು ಹಾಕಿದ್ರೆ ರೂಮೂ ಬೆಚ್ಚಗಾಗ್ತದೆ," ಎಂದರು.

ಕಳಿಸುವುದು ಇನ್ನೊಂದು ಪಾಠ. ಪ್ರತಿ ಡಬ್ಬಿಗೂ ಥರ್ಮೋಕೋಲ್ ತುಂಡು, ಎಲ್ಲ ಸೇರಿ ಒಂದು ರಟ್ಟಿನ ಪೆಟ್ಟಿಗೆ, ಅದು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ, ಮಧ್ಯದ ಜಾಗಕ್ಕೆಲ್ಲ ಮುದುಡಿದ ಪೇಪರು. ಕಟ್ಟಿದ ಮೇಲೆ ಕೈಯಲ್ಲಿ ಅಲುಗಾಡಿಸಿ ಕಿವಿಗೊಟ್ಟು ಕೇಳಬೇಕು. ಸದ್ದು ಬಂದರೆ ಮತ್ತೆ ಬಿಚ್ಚಬೇಕು. ಒಂದು ಹಾಳು ವಾಲ್ವನ್ನು ಹಾಗೇ ಕಟ್ಟಿ ಅಂಗಡಿಯ ಮೆಟ್ಟಿಲ ಮೇಲಿಂದ ಮೂರು ಸಲ ಬೀಳಿಸಿ ಧೈರ್ಯ ತಂದುಕೊಂಡೆ. ಹೊರಗೆ ಬಿಳಿ ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತಿ ಅಂಚೆ ಕಚೇರಿಗೆ ಒಯ್ದರೆ ಅಲ್ಲಿನ ಗುಮಾಸ್ತರು ಫಾರಂ ಓದಿ, "ವಾಲ್ವ್ ಅಂದ್ರ ಪಂಪ್‌ಸೆಟ್ಟಿಂದೇನ್ರೀ? ಅವರ ದೇಶದಾಗ ಸಿಗಂಗಿಲ್ಲೇನು?" ಎಂದು ಕೇಳಿದರು. ರೇಡಿಯೋದ್ದು ಎಂದೆ. "ಹೌದಾ! ನಮ್ಮಪ್ಪನ ರೇಡಿಯೋದಾಗೂ ಇದ್ವು," ಎಂದವರೇ ಮುದ್ರೆಯನ್ನು ಬಡಿಯದೆ ಮೆಲ್ಲಗೆ ಒತ್ತಿದರು.

ಆ ಧೈರ್ಯದಲ್ಲಿ ಇನ್ನೂ ಮೂರು ಕಟ್ಟುಗಳನ್ನು ಹರಾಜಿಗಿಟ್ಟೆ. ಅವು ನಡೆಯುತ್ತಿರುವಾಗಲೇ ಕೆನಡಾದಿಂದ ಇ-ಮೇಲ್ ಪತ್ರ ಬಂತು. ಪೆಟ್ಟಿಗೆ ಚೆನ್ನಾಗಿ ತಲುಪಿದೆ, ಒಂದೂ ಒಡೆದಿಲ್ಲ. ನಾಲ್ಕು ವಾಲ್ವು ಸರಿಯಾಗಿವೆ. ಎರಡರಲ್ಲಿ ಗುಂಯ್ ಎನ್ನುವ ಸದ್ದು, ಕೂಡಿಸಿದ ಕ್ಷಣದಿಂದಲೇ ಕೇಳುತ್ತದೆ. "ಪರೀಕ್ಷಿಸಿದ್ದೇವೆ ಎಂದು ಬರೆದಿದ್ದೀರಿ. ಇದು ಹೇಗೆ ತಪ್ಪಿತು?" ಎಂದು ಕೇಳಿದ್ದರು. ಪತ್ರದ ಜೊತೆಗೆ ತಾಣದಲ್ಲಿ ನನ್ನ ಹೆಸರಿನ ಮುಂದೆ ಕೆಟ್ಟ ಅಭಿಪ್ರಾಯವನ್ನೂ ದಾಖಲಿಸಿದ್ದರು. ಅದು ಅಳಿಸಲಾಗದ್ದು. ಹೊಸ ಮಾರಾಟಗಾರಳಿಗೆ ಬಂದ ಮೊದಲ ಅಭಿಪ್ರಾಯವೇ ಅದು. ಎರಡೇ ದಿನದಲ್ಲಿ ಉಳಿದ ಮೂರೂ ಹರಾಜುಗಳಲ್ಲಿ ಕೂಗು ನಿಂತುಹೋಯಿತು.

ನನಗೆ ಮೊದಲು ಬಂದದ್ದು ಸಿಟ್ಟು. ದಾರಿಯಲ್ಲಿ ಹಾಳಾಗಿರಬಹುದು, ಅವರ ಆಂಪ್ಲಿಫೈಯರೇ ಸರಿಯಿಲ್ಲದಿರಬಹುದು ಎಂದೆಲ್ಲ ಉತ್ತರ ಟೈಪು ಮಾಡಿದೆ. ಕಳಿಸುವ ಮುಂಚೆ ಮಾವನನ್ನು ಒಂದು ಮಾತು ಕೇಳೋಣವೆನಿಸಿ, ಉಳಿದ ವಾಲ್ವುಗಳ ಪೆಟ್ಟಿಗೆಯನ್ನೂ ಎತ್ತಿಕೊಂಡು ಭಾನುವಾರ ಸೊರಬಕ್ಕೆ ಹೊರಟೆ.

ಪತ್ರದ ವಿಷಯ ಹೇಳಿದಾಗ ಮಾವನ ಮುಖ ಕೆಂಪಾಯಿತು. "ಮೂವತ್ತು ವರ್ಷ ಆತು ಈ ಕೆಲ್ಸ ಹಿಡ್ದು. ಗುಂಯ್ ಅನ್ನೋ ಹಮ್ ಇರೋ ವಾಲ್ವು ನನ್ನ ಕೈಯಿಂದ ಹೊರಗೆ ಹೋಗಿದ್ದಿಲ್ಲ. ಬಾ ಇಲ್ಲಿ, ತೋರಿಸ್ತೀನಿ." ಅಂಗಡಿಯ ಸಾಮಾನು ಆಗಲೇ ಅರ್ಧ ಮನೆಗೆ ಬಂದಿತ್ತು. ಪಡಸಾಲೆಯ ಮೇಜಿನ ಮೇಲೆ ಆಂಪ್ಲಿಫೈಯರ್, ಅದಕ್ಕೊಂದು ಸ್ಪೀಕರ್. ನಾನು ತಂದಿದ್ದ ಪೆಟ್ಟಿಗೆಯಲ್ಲಿ ಉಳಿದಿದ್ದ ವಾಲ್ವೊಂದನ್ನು ತೆಗೆದು ಕೂಡಿಸಿ, ಬಿಸಿಯಾಗಲು ಬಿಟ್ಟು, ಮೀಟರಿನಲ್ಲಿ ಎರಡು ಮೂರು ಕಡೆ ಮುಟ್ಟಿಸಿ ನೋಡಿದರು. ಮುಳ್ಳು ಇರಬೇಕಾದಲ್ಲಿಯೇ ಇತ್ತು. ಆಮೇಲೆ ಸ್ಪೀಕರಿನ ಹತ್ತಿರ ತಲೆ ಬಗ್ಗಿಸಿ ಕಣ್ಣು ಮುಚ್ಚಿ ಕೇಳಿದರು.

"ಎಲ್ಲಿದೆ ಹಮ್ಮು? ಹೇಳು ನೀನೇ. ಎಂತ ಸದ್ದಿದೆ?"

ಸದ್ದಿತ್ತು. ಬಾಗಿಲ ಬಳಿ ನಿಂತಿದ್ದ ನನಗೇ ಕೇಳುತ್ತಿತ್ತು, ಜೇನುಗೂಡಿನ ಹತ್ತಿರ ಹೋದಾಗ ಬರುವಂಥ ಸಣ್ಣ, ಒಂದೇ ಸಮನಾದ ಗುಂಯ್. ಮಾವ ನನ್ನನ್ನೇ ನೋಡುತ್ತಿದ್ದರು. ಅವರನ್ನು ಸಣ್ಣವಳಿದ್ದಾಗಿನಿಂದ ನೋಡಿದವಳು ನಾನು. ರಿಪೇರಿಗೆ ಬಂದ ರೇಡಿಯೋಗೆ ಕಿವಿಗೊಟ್ಟು, ಬಿಚ್ಚುವ ಮುಂಚೆಯೇ ಏನಾಗಿದೆಯೆಂದು ಹೇಳುತ್ತಿದ್ದ ಮನುಷ್ಯ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಕೇಳ್ತಾ ಇದ್ಯಲ. ಇಲ್ಲಿಗೇ ಕೇಳ್ತದೆ, ಗುಂಯ್ ಅಂತ."

ಮಾವ ತಿರುಗಿ ನೋಡಲಿಲ್ಲ. ಆಂಪ್ಲಿಫೈಯರನ್ನು ಆರಿಸಿದರು. ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತರು.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದು ಮಾವ ಕೇಳಿದರು.

"ಎರಡು ವರ್ಷ ಆತು. ಕುಕ್ಕರಿನ ಸೀಟಿ ನಿಮ್ಗೆ ಕೇಳ್ದೇ ಇದ್ದಾಗ್ಲೇ ಗೊತ್ತಾತು. ನೀವು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ." ಅತ್ತೆಯ ಮಾತಿನಲ್ಲಿ ದೂರು ಇರಲಿಲ್ಲ.

ಮಾವ ವಾಲ್ವನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡರು. ಇನ್ನೂ ಬಿಸಿಯಿದ್ದಿರಬೇಕು, ಕೈಯಿಂದ ಕೈಗೆ ಬದಲಾಯಿಸುತ್ತಿದ್ದರು. "ಮಾತಿನ ದನಿ ಕೇಳ್ತದೆ, ಹಾಡು ಕೇಳ್ತದೆ. ಹಿಂಗಿದ್ದು ಸಣ್ಣದು ಸಿಗೂದಿಲ್ಲ. ಮೀಟರು ಸರಿ ತೋರಿಸ್ತದಲ್ಲ, ಅಷ್ಟು ಸಾಕು ಅಂದ್ಕಂಡೆ. ಎಲ್ಲಾ ವಾಪಸ್ ತಗಳಾಣ ಕೂಸೆ. ನಿನ್ನ ಹೆಸ್ರೂ ಕೆಟ್ಟೋತು."

ಹರಾಜಿನಲ್ಲಿದ್ದ ಮೂರೂ ಕಟ್ಟುಗಳನ್ನು ಹಿಂದಕ್ಕೆ ಪಡೆಯುವುದಕ್ಕೆ ನಾನೂ ಒಪ್ಪಿದೆ. ವಾಲ್ವುಗಳ ಕೆಲಸ ಮುಗಿಯಿತೆಂದೇ ನನಗೂ ಅನಿಸಿತ್ತು. ಅಷ್ಟರಲ್ಲಿ ಅತ್ತೆ ಮೇಜಿನ ಹತ್ತಿರ ಬಂದು ಇನ್ನೊಂದು ಡಬ್ಬಿ ಬಿಚ್ಚಿದರು. "ಇದನ್ನ ಹಾಕಿ ನೋಡಾಣ."

"ಎಂತಕ್ಕೆ?"

"ಹಾಕೀಂದ್ರೆ."

ಮಾವ ಹಾಕಿದರು. ಅತ್ತೆ ಕುರ್ಚಿಯ ತುದಿಯಲ್ಲಿ ಕೂತು ತಲೆ ಓರೆ ಮಾಡಿ ಕೇಳಿದರು. "ಇದು ತಣ್ಣಗಿದೆ, ಎಂತ ಸದ್ದೂ ಇಲ್ಲ." ಮುಂದಿನದು. "ಇದು ಉಸುರ್ತದೆ, ಗಾಳಿ ಬಂದಂಗೆ." ಅದರ ಮುಂದಿನದು. "ಇದು ಶುರುವಿಗೆ ಗುಂಯ್ ಅಂತು, ಈಗ ನಿಂತೋತು." ಮಾವ ರಾತ್ರಿ ಮನೆಗೆ ತಂದು ಪಡಸಾಲೆಯಲ್ಲಿ ಬಿಚ್ಚುತ್ತಿದ್ದ ಊರಿನ ರೇಡಿಯೋಗಳನ್ನೆಲ್ಲ ಮೂವತ್ತು ವರ್ಷ ಆಚೆಗಿನ ಅಡುಗೆಮನೆಯಲ್ಲಿ ಕೂತು ಕೇಳಿದ ಕಿವಿ ಅದು. ಮಾವ ಅವರನ್ನೇ ನೋಡುತ್ತಿದ್ದರು. ನಾಲ್ಕನೆಯದಕ್ಕೆ ಮಾವನೇ ಕೈಚಾಚಿ ಡಬ್ಬಿ ತೆಗೆದುಕೊಂಡರು.

ಅಂದು ತೀರ್ಮಾನವಾದದ್ದು ಇಷ್ಟು. ಇನ್ನೂರು ವಾಲ್ವುಗಳನ್ನೂ ಮೊದಲಿನಿಂದ ಪರೀಕ್ಷಿಸುವುದು. ಮಾವ ಮೀಟರು ನೋಡುವುದು, ಅತ್ತೆ ಕೇಳುವುದು. ಒಂದೊಂದಕ್ಕೂ ಹತ್ತು ನಿಮಿಷ ಬಿಸಿಯಾಗಲು ಬಿಡುವುದು, ಪೆನ್ಸಿಲಿನ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ, ಸ್ಪೀಕರಿನಲ್ಲಿ ಗಂಟೆಯಂತೆ ಸದ್ದು ಬಂದರೆ ಅದನ್ನೂ ದೋಷವೆಂದು ಬರೆದಿಡುವುದು. ತಣ್ಣಗಿರುವುದಕ್ಕೆ ಬಿಳಿ ದಾರ, ಉಸುರುವುದಕ್ಕೆ ಹಳದಿ, ಗುಂಯ್ ಎನ್ನುವುದಕ್ಕೆ ಕೆಂಪು. ನಾನು ಶಿಕಾರಿಪುರಕ್ಕೆ ಬಂದು, ಟೈಪು ಮಾಡಿಟ್ಟಿದ್ದ ಸಿಟ್ಟಿನ ಉತ್ತರವನ್ನು ಅಳಿಸಿ, ಕೆನಡಾದವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕಿವಿಯ ವಿಷಯ ಬರೆಯಬಹುದೇ ಎಂದು ಮಾವನನ್ನು ಮೊದಲೇ ಕೇಳಿದ್ದೆ. ಅವರು ಬಹಳ ಹೊತ್ತು ಯೋಚಿಸಿ, "ಅವ್ರು ಸೊರಬಕ್ಕೇನು ಬರೂದಿಲ್ಲಲ, ಬರಿ," ಎಂದಿದ್ದರು. ಎರಡು ವಾಲ್ವುಗಳ ಬೆಲೆಯನ್ನು ಹಿಂದಿರುಗಿಸಿ, ಬಿಳಿ ದಾರದ ಎರಡನ್ನು ಉಚಿತವಾಗಿ ಕಳಿಸಿದೆ.

ಪರೀಕ್ಷೆ ಮುಗಿಯಲು ಆರು ವಾರ ಬೇಕಾಯಿತು. ಮಧ್ಯಾಹ್ನ ಊಟವಾದ ಮೇಲೆ ಅಕ್ಕಪಕ್ಕ ಸದ್ದು ಕಡಿಮೆಯಿರುವಾಗ ಇಬ್ಬರೂ ಕೂರುತ್ತಿದ್ದರು. ಕರೆಂಟು ಹೋದರೆ ಆಟ ಬಂದ್. ನಾನು ಭಾನುವಾರ ಹೋದಾಗ ಅತ್ತೆ ಒಂದೊಂದೇ ವಾಲ್ವಿನ ಬಗ್ಗೆ ಹೇಳುವುದನ್ನು ಬರೆದುಕೊಳ್ಳುತ್ತಿದ್ದೆ. ಮಾವನಿಗೂ ಅವರಿಗೂ ಜಗಳವಾದದ್ದೂ ಉಂಟು. ಮೀಟರಿನಲ್ಲಿ ಅತ್ಯುತ್ತಮವಾಗಿ ಕಂಡದ್ದಕ್ಕೆ ಅತ್ತೆ ಹಳದಿ ದಾರ ಕಟ್ಟಿದರೆ ಮಾವ, "ಮೀಟರು ನೋಡೇ ಸ್ವಲ್ಪ!" ಎನ್ನುವರು. "ಮೀಟರು ಹಾಡು ಕೇಳ್ತದಾ?" ಎಂದು ಅತ್ತೆ. ಕಡೆಗೆ ಹಳದಿಯೇ ಉಳಿಯುತ್ತಿತ್ತು.

ಆಮೇಲಿನ ವಿವರಣೆಗಳಲ್ಲಿ ತಪ್ಪುಗಳನ್ನು ಮೊದಲ ಸಾಲಿನಲ್ಲೇ ಬರೆದೆ. "ಶುರುವಿನಲ್ಲಿ ಸಣ್ಣ ಗುಂಯ್ ಇದೆ, ಎರಡು ನಿಮಿಷದಲ್ಲಿ ನಿಲ್ಲುತ್ತದೆ." "ಡಬ್ಬಿ ಹರಿದಿದೆ, ವಾಲ್ವು ಚೆನ್ನಾಗಿದೆ." "ಉಸಿರಾಡಿದಂಥ ಸದ್ದು ಇದೆ. ಹಾಡು ಶುರುವಾದರೆ ತಿಳಿಯುವುದಿಲ್ಲ." ನನಗೆ ಬಂದ ಕೆಟ್ಟ ಅಭಿಪ್ರಾಯವನ್ನೂ ಮರೆಮಾಡಲಿಲ್ಲ, ಅದನ್ನು ಓದಿ, ಆಮೇಲೆ ನಾವು ಏನು ಮಾಡಿದೆವೆಂದೂ ಓದಿ ಎಂದು ಬರೆದೆ. ಪರೀಕ್ಷಿಸಿದವರು ಯಾರು ಎಂಬ ಜಾಗದಲ್ಲಿ, "ಅಳೆದವರು ಗಂಡ, ಕೇಳಿದವರು ಹೆಂಡತಿ" ಎಂದು ಹಾಕಿದೆ. ಮೊದಲ ವಾರ ಒಬ್ಬರೇ ಕೂಗಿದರು. ಅವರು ಬರೆದ ಅಭಿಪ್ರಾಯ ನೋಡಿ ಎರಡನೆಯ ವಾರ ನಾಲ್ವರು. ಕೆಂಪು ದಾರದವನ್ನು ಕೂಡ, ಗುಂಯ್ ಎನ್ನುತ್ತವೆ ಎಂದೇ ಬರೆದಿಟ್ಟಾಗ, ಶಾಲೆಯ ಮೇಷ್ಟ್ರೊಬ್ಬರು ಮಕ್ಕಳಿಗೆ ತೋರಿಸಲು ಕೊಂಡರು.

ಕೊನೆಯ ಕಟ್ಟಿನ ಹರಾಜು ಮುಗಿಯುವುದು ನಮ್ಮ ಬೆಳಿಗ್ಗೆ ಎಂಟು ಗಂಟೆಗೆ. ಅತ್ತೆ ಒಂದೇ ರೀತಿ ಕೇಳುತ್ತವೆಂದು ಜೊತೆ ಮಾಡಿಟ್ಟಿದ್ದ ನಾಲ್ಕು ವಾಲ್ವುಗಳು ಅವು. ಮಾವ ಅತ್ತೆ ಮೊದಲ ಬಸ್ಸಿಗೇ ಶಿಕಾರಿಪುರಕ್ಕೆ ಬಂದರು. ಪುಟ ಒಂದು ಸಲ ತೆರೆಯಲು ಒಂದು ನಿಮಿಷವಾದರೂ ಬೇಕು. ಇಬ್ಬರು ಪೈಪೋಟಿಗೆ ಬಿದ್ದಿದ್ದರು. ಇನ್ನು ಇಪ್ಪತ್ತು ನಿಮಿಷವಿದೆ ಎನ್ನುವಾಗ ಅವರಲ್ಲೊಬ್ಬರಿಂದ ಪ್ರಶ್ನೆ ಬಂತು: ಜೊತೆ ಮಾಡಿದ್ದು ಯಾವ ಯಂತ್ರದಲ್ಲಿ?

ಓದಿ ಹೇಳಿದೆ. ಮಾವ, "ಮೀಟರು ಅಂತ ಬರಿ. ನಾನೂ ನೋಡಿದೀನಲ," ಎಂದರು.

"ಜೊತೆ ಮಾಡಿದ್ದು ಅತ್ತೆ ಅಲ್ವಾ ಮಾವ?"

ಮಾವ ಅತ್ತೆಯ ಕಡೆ ನೋಡಿದರು. "ಹೌದು, ಅವಳೇ. ಅದನ್ನೇ ಬರಿ ಹಂಗಾರೆ. ಬಿಟ್ಟು ಹೋಗೋರು ಹೋಗ್ಲಿ."

ಯಂತ್ರವಿಲ್ಲ, ಕಿವಿಯಲ್ಲಿ ಕೇಳಿ ಜೊತೆ ಮಾಡಿದ್ದು ಎಂದು ಬರೆದೆ. ಪ್ರಶ್ನೆ ಕಳಿಸಿದ್ದವರು ಹಿಂದೆ ಸರಿದರು. ಅವರ ಕೂಗು ಮತ್ತೆ ಬರಲಿಲ್ಲ. ಪುಟ ತೆರೆಯುತ್ತ ಮುಚ್ಚುತ್ತ ಮೂವರೂ ಕೂತೆವು. ಎಂಟಕ್ಕೆ ಹರಾಜು ಮುಗಿದಾಗ ಇನ್ನೊಬ್ಬರಿಗೇ ಅದು ನಿಂತಿತ್ತು. ಅರ್ಧ ಗಂಟೆಯಲ್ಲಿ ಅವರ ಪತ್ರವೂ ಬಂತು, ವಿಳಾಸ ಮತ್ತು ಒಂದೇ ಸಾಲು. "ಕೇಳಿದವರಿಗೆ ನನ್ನ ನಮಸ್ಕಾರ ತಿಳಿಸಿ." ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ನಾಚಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟರು.

ಹರಾಜಿನಲ್ಲಿ ಮಾರಲು ಹೊರಟವರು ಸಲಹೆ ಕೇಳಿದಾಗ ನಂಬರು, ಬೆಳಕು, ಎರಡು ಪೆಟ್ಟಿಗೆ, ಎಲ್ಲವನ್ನೂ ಹೇಳುತ್ತೇನೆ. ವಸ್ತುವನ್ನು ನಿಜವಾಗಿ ನೋಡಿದವರು ಯಾರೆಂದು ಬರೆಯಿರಿ ಎಂದೂ ಹೇಳುತ್ತೇನೆ. ಅದು ಎಷ್ಟು ಕಷ್ಟದ್ದೆಂದು ಹೇಳಲು ಇಷ್ಟೆಲ್ಲ ಕಥೆ ಬೇಕಾಗುತ್ತದೆ.

ಯುಗಾದಿಯ ಹೊತ್ತಿಗೆ ಮಾವ ಅಂಗಡಿ ಖಾಲಿ ಮಾಡಿ ಮನೆಯ ಜಗಲಿಯಲ್ಲೇ ಮೇಜು ಹಾಕಿಕೊಂಡರು. ಹಬ್ಬದ ಮರುವಾರ ನಾನು ಹೋಗಿದ್ದಾಗ ಕುಬಟೂರಿನ ಕಡೆಯ ರೈತರೊಬ್ಬರು ಟೇಪ್‌ರೆಕಾರ್ಡರ್ ತಂದಿದ್ದರು. ಏನೋ ಸದ್ದು ಬರುತ್ತದೆ, ಏನೆಂದು ತಿಳಿಯುವುದಿಲ್ಲ ಎಂದರು. ಮಾವ ಅದನ್ನು ಮೇಜಿನ ಮೇಲಿಟ್ಟು, ತಂತಿ ಜೋಡಿಸಿ, ಗುಂಡಿ ಒತ್ತಿದರು. ಸ್ಪೀಕರಿನ ಹತ್ತಿರ ತಲೆ ಬಗ್ಗಿಸಲಿಲ್ಲ. ತಮ್ಮ ಕುರ್ಚಿಯಿಂದ ಎದ್ದು, ಇನ್ನೊಬ್ಬರು ಕೂರಲು ಅನುವಾಗುವಂತೆ ಆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದರು.

"ಒಂದ್ನಿಮಿಷ ಇರಿ," ಎಂದು ಗಿರಾಕಿಗೆ ಹೇಳಿ, ಒಳಗೆ ಕೇಳುವಂತೆ ಗಟ್ಟಿಯಾಗಿ ಕರೆದರು. "ಬಾರೇ ಇಲ್ಲಿ, ಇದನ್ನೊಂಚೂರು ಕೇಳಿ ಹೇಳು. ನಂಗೆ ಕೇಳೂದಿಲ್ಲ."